ನಾಲ್ಕನೆಯ ಸ್ಥಾನ

ಬಟ್ಟೆ ಒಗೆಯುವ ಯಂತ್ರವೊಂದನ್ನು ಕೊಟ್ಟು, ಅದಕ್ಕೆ ಪ್ರತಿಯಾಗಿ ಒಬ್ಬ ಆಟಗಾರನನ್ನು ಪಡೆದ ತಂಡದ ಒಡೆಯನನ್ನು ವಾಚಕ ಮಹಾಶಯರು ಕಂಡಿರಲಾರರು. 2008ನೆಯ ಇಸವಿಯಲ್ಲಿ ಅಮೆರಿಕಾದಲ್ಲಿ ಹೊರಬಂದ ‘ಸೆಮಿ-ಪ್ರೊ’ ಎಂಬ ವಿನೋದ ಚಿತ್ರದಲ್ಲಿ ಇಂತಹ ಒಡೆಯನೊಬ್ಬನಿದ್ದಾನೆ. ಅವನ ಹೆಸರು ಜಾಕಿ ಮೂನ್. ಒಂದೇ ಒಂದು ಹಾಡಿನಿಂದ ಕೈತುಂಬ ಹಣ ಗಳಿಸಿ, ಆ ಹಣದಲ್ಲಿ ಬ್ಯಾಸ್ಕೆಟ್‌ಬಾಲ್ ತಂಡವೊಂದನ್ನು ಕೊಂಡವನು. ತಂಡಕ್ಕೆ ಒಡೆಯನೂ ಅವನೇ, ಗುರುವೂ ಅವನೇ, ಆಟಗಾರನೂ ಅವನೇ. ಈ ಪಾತ್ರವನ್ನು ವಿಲ್ ಫೆರೆಲ್ ಎಂಬ ನಟರು ವಹಿಸಿದ್ದಾರೆ. ನಿರ್ದೇಶಕರು ಕೆಂಟ್ ಆಲ್ಟರ್‌ಮನ್.

ಕಥೆ ನಡೆಯುವುದು 1976ರಲ್ಲಿ, ಮಿಷಿಗನ್ ಸಂಸ್ಥಾನದ ಫ್ಲಿಂಟ್ ಪಟ್ಟಣದಲ್ಲಿ. ಚಳಿಗಾಲದಲ್ಲಿ ಹಿಮ ಬೀಳುವ ಆ ಊರಿನ ತಂಡಕ್ಕೆ ‘ಟ್ರಾಪಿಕ್ಸ್’, ಅಂದರೆ ಉಷ್ಣವಲಯ, ಎಂದು ಹೆಸರು! ಆಟವನ್ನು ನೋಡಲು ಜನ ಬಾರದಿದ್ದುದರಿಂದ ಮೂನ್ ಮಹಾಶಯನು ಕರಡಿಯೊಡನೆ ಕುಸ್ತಿಗೂ ಇಳಿಯುತ್ತಾನೆ. ದೂರದಿಂದ ಚೆಂಡನ್ನು ಬುಟ್ಟಿಗೆ ಹಾಕಿದವರಿಗೆ ಹತ್ತು ಸಾವಿರ ಡಾಲರು ಬಹುಮಾನವೆಂದು ಸಾರುತ್ತಾನೆ. ಪ್ರೇಕ್ಷಕನೊಬ್ಬನು ನಿಜವಾಗಿಯೂ ಹಾಕಿಬಿಟ್ಟಾಗ ಕೊಡುವುದಕ್ಕೆ ಆಳೆತ್ತರದ ಚೆಕ್ಕು ಸಿದ್ಧವಾಗಿದೆಯೇ ಹೊರತು ಹಣವಿಲ್ಲ. ಸಣ್ಣ ಬಂಡವಾಳದಲ್ಲಿ ದೊಡ್ಡ ಉದ್ಯಮವನ್ನು ನಡೆಸಿದವರು ಇಲ್ಲಿ ಉಳಿದವರಿಗಿಂತ ಸ್ವಲ್ಪ ಮೆಲ್ಲಗೆ ನಗುವರೆಂದು ನಮ್ಮ ನಂಬಿಕೆ.

ಫ್ಲಿಂಟ್ ತಂಡವು ಕೇವಲ ಕಲ್ಪನೆ. ಆದರೆ ಅದು ಆಡುವ ಲೀಗು ಕಲ್ಪನೆಯಲ್ಲ. 1946ರಲ್ಲಿ ಹುಟ್ಟಿ ಬೇರೂರಿದ್ದ ಎನ್.ಬಿ.ಎ. ಎಂಬ ಹಿರಿಯ ಸಂಸ್ಥೆಗೆ ಎದುರಾಗಿ, 1967ರಲ್ಲಿ ಹನ್ನೊಂದು ತಂಡಗಳೊಡನೆ ಎ.ಬಿ.ಎ. ಎಂಬ ಸಂಸ್ಥೆಯು ತಲೆಯೆತ್ತಿತು. ಅದರ ಚೆಂಡಿಗೆ ಕೆಂಪು, ಬಿಳಿ, ನೀಲಿ ಮೂರು ಬಣ್ಣ. ದೂರದ ಗೆರೆಯ ಆಚೆಯಿಂದ ಬುಟ್ಟಿ ಸೇರಿದ ಚೆಂಡಿಗೆ ಎರಡರ ಬದಲು ಮೂರು ಅಂಕ. ಗಂಭೀರರೆನಿಸಿಕೊಂಡವರು ಇದನ್ನೆಲ್ಲ ದೊಂಬರಾಟವೆಂದು ಹಳಿದರು. ಒಂಬತ್ತು ವರ್ಷಗಳ ಕಾಲ ಆ ಸಂಸ್ಥೆಯು ಸಾಲಸೋಲಗಳ ನಡುವೆ ಉಸಿರು ಹಿಡಿದಿತ್ತು. ತಂಡಗಳು ಊರಿಂದೂರಿಗೆ ಗುಳೆ ಹೋದುವು. ಕೆಲವು ಆಟದ ಋತುವಿನ ನಡುವೆಯೇ ಬಾಗಿಲು ಮುಚ್ಚಿದುವು. 1976ರ ಜೂನ್ ತಿಂಗಳಲ್ಲಿ ಅದು ಹಿರಿಯ ಸಂಸ್ಥೆಯಲ್ಲಿ ಲೀನವಾಯಿತು.

ಮೊದಲ ನಾಲ್ಕು ಸ್ಥಾನಗಳನ್ನು ಪಡೆದು ಸಾಕಷ್ಟು ಪ್ರೇಕ್ಷಕರನ್ನೂ ಕೂಡಿಸಿದ ತಂಡಗಳಿಗೆ ಮಾತ್ರ ಹೊಸ ಮನೆಯಲ್ಲಿ ಪ್ರವೇಶವೆಂದು ಚಿತ್ರದಲ್ಲಿ ಕಟ್ಟಳೆಯಿದೆ. ವಾಸ್ತವದಲ್ಲಿ ಇಷ್ಟು ನ್ಯಾಯವೂ ಇರಲಿಲ್ಲ. ಡೆನ್ವರ್, ಇಂಡಿಯಾನಾ, ನ್ಯೂಯಾರ್ಕ್, ಸ್ಯಾನ್ ಆಂಟೋನಿಯೋ ಈ ನಾಲ್ಕು ತಂಡಗಳು ತಲಾ 32 ಲಕ್ಷ ಡಾಲರು ತೆತ್ತು ಒಳಹೊಕ್ಕವು. ನ್ಯೂಯಾರ್ಕಿನ ತಂಡವು ಈ ಹೊರೆಯನ್ನು ತಾಳಲಾರದೆ, ತನ್ನ ಕಣ್ಮಣಿಯಂತಿದ್ದ ಜೂಲಿಯಸ್ ಅರ್ವಿಂಗ್‌ರನ್ನೇ ಫಿಲಡೆಲ್ಫಿಯಾ ತಂಡಕ್ಕೆ ಮಾರಬೇಕಾಯಿತು. ಬಲಾಢ್ಯವಾಗಿದ್ದ ಕೆಂಟಕಿ ತಂಡದ ಒಡೆಯರು 33 ಲಕ್ಷ ಡಾಲರು ಪರಿಹಾರವನ್ನು ಪಡೆದು ತಂಡವನ್ನೇ ವಿಸರ್ಜಿಸಿದರು. ಆಟದ ಅಂಗಳದಲ್ಲಿ ತೀರ್ಮಾನವಾಗಬೇಕಾದುದು ವಕೀಲರ ಮೇಜಿನ ಮೇಲೆ ತೀರ್ಮಾನವಾಯಿತು. ಹಿಂದಿನವರು ಇದನ್ನೇ ಮತ್ಸ್ಯನ್ಯಾಯವೆಂದರು.

ಆದರೆ ನುಂಗಿದ ಮೀನಿಗೆ ನುಂಗಿಸಿಕೊಂಡದ್ದರ ಬಣ್ಣವೇ ಬಂದದ್ದು ವಿಚಿತ್ರ. ಯಾವ ಮೂರು ಅಂಕದ ಗೆರೆಯನ್ನು ಕಂಡು ಹಿರಿಯರು ನಕ್ಕಿದ್ದರೋ ಅದನ್ನು 1979ರಲ್ಲಿ ಎನ್.ಬಿ.ಎ.ಯೇ ಅಂಗೀಕರಿಸಿತು, ಇಂದು ಆ ಗೆರೆಯಿಲ್ಲದ ಆಟವನ್ನು ಊಹಿಸುವುದೇ ಕಷ್ಟ. ನೆಗೆದು ಬುಟ್ಟಿಯೊಳಕ್ಕೆ ಚೆಂಡನ್ನು ಅಪ್ಪಳಿಸುವ ಸ್ಪರ್ಧೆಯನ್ನು ಸಣ್ಣ ಲೀಗು 1976ರ ಜನವರಿಯಲ್ಲಿ ಡೆನ್ವರಿನಲ್ಲಿ ನಡೆಸಿತ್ತು. 1984ರಲ್ಲಿ ದೊಡ್ಡ ಲೀಗು ಅದೇ ಊರಿನಲ್ಲಿ ಅದೇ ಬಗೆಯ ಉತ್ಸವವನ್ನು ಮಾಡಿತು. ಮಾರಿಹೋದ ಅರ್ವಿಂಗ್‌ರೂ ಅದೇ ಲೀಗಿನಲ್ಲಿ ಬೆಳೆದ ಮೋಸೆಸ್ ಮಲೋನ್‌ರೂ ಕೂಡಿ 1983ರಲ್ಲಿ ಫಿಲಡೆಲ್ಫಿಯಾಕ್ಕೆ ಪ್ರಶಸ್ತಿಯನ್ನು ತಂದುಕೊಟ್ಟರು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತೆಂಬ ಗಾದೆ ಸುಳ್ಳಲ್ಲ.

ಇನ್ನು ಆ ಗೆದ್ದಲುಗಳ ಗತಿ. ಸೇಂಟ್ ಲೂಯಿಸ್ ತಂಡದ ಒಡೆಯರಾದ ಸಿಲ್ನಾ ಸೋದರರಿಗೆ ಹೊಸ ಮನೆಯಲ್ಲಿ ಪ್ರವೇಶ ದೊರೆಯಲಿಲ್ಲ. ಆದರೆ ಒಳಹೋದ ನಾಲ್ಕು ತಂಡಗಳಿಗೆ ಬರುವ ಟೆಲಿವಿಷನ್ ಆದಾಯದಲ್ಲಿ ಏಳನೆಯ ಒಂದು ಪಾಲನ್ನು, ಲೀಗು ಇರುವಷ್ಟು ಕಾಲವೂ ಸಲ್ಲುವಂತೆ, ಅವರು ಬರೆಯಿಸಿಕೊಂಡರು. ಅಂದು ಅಲ್ಪವಾಗಿ ತೋರಿದ ಆ ಪಾಲು ಬೆಳೆಬೆಳೆದು, 2014ರಲ್ಲಿ ಅದನ್ನು ಬಹುಮಟ್ಟಿಗೆ ತೀರಿಸಿಕೊಳ್ಳಲು ಎನ್.ಬಿ.ಎ.ಯು ಸುಮಾರು 50 ಕೋಟಿ ಡಾಲರು ಕೊಡಬೇಕಾಯಿತು. ಅವರ ಜಾಣತನವನ್ನು ನಾವು ಹಳಿಯುವುದಿಲ್ಲ, ಕರಾರು ಕರಾರೇ. ಆದರೆ ಅದೇ ಲೀಗಿನಲ್ಲಿ ಮೊಣಕಾಲು ಸವೆಸಿದ ಆಟಗಾರರಲ್ಲಿ ಅನೇಕರು ವೃದ್ಧಾಪ್ಯದಲ್ಲಿ ರೋಗಕ್ಕೂ ಬಡತನಕ್ಕೂ ತುತ್ತಾದರು. ಅವರಲ್ಲಿ ಉಳಿದಿದ್ದ ಸುಮಾರು 115 ಮಂದಿಗೆ ಒಟ್ಟು 2 ಕೋಟಿ 45 ಲಕ್ಷ ಡಾಲರು ಕೊಡಬೇಕೆಂಬ ತೀರ್ಮಾನವಾದದ್ದು 2022ರಲ್ಲಿ. ಎಂದರೆ ಲೀಗು ಅಳಿದು ನಾಲ್ವತ್ತಾರು ವರ್ಷಗಳಾದ ಮೇಲೆ. ಇಬ್ಬರು ಒಡೆಯರಿಗೆ ಸಂದದ್ದು, ನೂರಕ್ಕೂ ಮಿಕ್ಕ ಆಟಗಾರರಿಗೆ ಒಟ್ಟಾಗಿ ಸಂದುದರ ಇಪ್ಪತ್ತು ಪಾಲು! ಅಷ್ಟರೊಳಗೆ ಕಣ್ಮುಚ್ಚಿದವರಿಗೆ ಆ ತೀರ್ಮಾನದಿಂದ ಏನು ಪ್ರಯೋಜನ?

ಚಿತ್ರವು ಈ ಲೆಕ್ಕವನ್ನೊಂದನ್ನೂ ಹೇಳುವುದಿಲ್ಲ. ವಿನೋದ ಚಿತ್ರದಿಂದ ಅದನ್ನು ನಿರೀಕ್ಷಿಸುವುದೂ ತರವಲ್ಲ. ಅದರ ದೋಷಗಳು ಬೇರೆ ಇವೆ. ಮಾತು ಬಹಳ ಕಡೆ ಅಶ್ಲೀಲ. ಮನೆಮಂದಿಯೆಲ್ಲ ಕೂಡಿ ನೋಡತಕ್ಕ ಚಿತ್ರವಿದಲ್ಲ. ಒಬ್ಬನು ಗಾಳಿಯಲ್ಲಿ ಎಸೆದ ಚೆಂಡನ್ನು ಇನ್ನೊಬ್ಬನು ನೆಗೆದು ಹಿಡಿದು ಬುಟ್ಟಿಗಿಳಿಸುವ ತಂತ್ರವು ಮೂನನಿಗೆ ಮೂರ್ಛೆಯಲ್ಲಿ ಹೊಳೆಯಿತೆಂದು ತೋರಿಸಿದ್ದಾರೆ. ಕಾಲೇಜು ಆಟಗಾರರು ಅದನ್ನು ಅದಕ್ಕೆ ಮೊದಲೇ ಬಲ್ಲವರಾಗಿದ್ದರು. ಐದೂವರೆ ಕೋಟಿ ಡಾಲರು ವೆಚ್ಚದ ಈ ಚಿತ್ರವು ಚಿತ್ರಮಂದಿರಗಳಲ್ಲಿ ಅಷ್ಟನ್ನೂ ಗಳಿಸಲಿಲ್ಲ. ದಿವಾಳಿಯೆದ್ದ ತಂಡದ ಕಥೆಯೂ ನಷ್ಟದಲ್ಲಿಯೇ ಮುಗಿಯಿತೆಂದು ಮೂನ್ ಮಹಾಶಯನಾದರೆ ನಕ್ಕುಬಿಡುತ್ತಿದ್ದನೇನೋ.

ಇಷ್ಟಾದರೂ ಚಿತ್ರದಲ್ಲಿ ಒಂದು ಸನ್ನಿವೇಶ ನಮ್ಮ ಮನಸ್ಸಿನಲ್ಲಿ ನಿಂತಿದೆ. ನಾಲ್ಕನೆಯ ಸ್ಥಾನವನ್ನು ಗೆದ್ದರೂ ಫ್ಲಿಂಟಿಗೆ ಪ್ರವೇಶವಿಲ್ಲವೆಂಬ ಸುದ್ದಿ ಬರುತ್ತದೆ. ಇನ್ನು ಆಡಿ ಫಲವೇನು? ಮೋಟಾರು ಕಾರ್ಖಾನೆಗಳನ್ನೇ ನಂಬಿದ ಊರು. ಇಂದಿಗೆ ಅದರ ಜನಸಂಖ್ಯೆ 1960ರಲ್ಲಿ ಇದ್ದುದರ ಅರ್ಧಕ್ಕಿಂತಲೂ ಕೆಳಗಿಳಿದಿದೆ. ಅಂತಹ ಊರಿನ ತಂಡ ನಾಲ್ಕನೆಯದಾದರೇನು, ಐದನೆಯದಾದರೇನು? ಆದರೂ ಅವರು ಆಡಲು ಇಳಿಯುತ್ತಾರೆ. ಬಹುಮಾನಕ್ಕಾಗಿ ಅಲ್ಲ, ಬಡ್ತಿಗಾಗಿಯೂ ಅಲ್ಲ. ಅಳಿಯುವ ಮೊದಲು ತಾವು ನಾಲ್ಕನೆಯವರಾಗಿದ್ದೆವೆಂದು ಹೇಳಿಕೊಳ್ಳುವುದಕ್ಕಾಗಿ. ಅದುವರೆಗೆ ಅವರನ್ನು ಕಂಡು ನಕ್ಕ ಪ್ರೇಕ್ಷಕನು ಅಲ್ಲಿಂದ ಮುಂದೆ ಅವರೊಡನೆ ನಗುತ್ತಾನೆ.

ಮೊದಲನೆಯ ಸ್ಥಾನದವರ ಚರಿತ್ರೆಯನ್ನು ಬರೆಯಲು ಜನ ಎಲ್ಲೆಲ್ಲೂ ಇದ್ದಾರೆ. ನಾಲ್ಕನೆಯವನ ಸಾಧನೆಯನ್ನು ನೆನೆಯುವವರು ವಿರಳ. ಅವನ ಬಾಕಿಯನ್ನು ಸಕಾಲದಲ್ಲಿ ತೀರಿಸುವವರು ಇನ್ನೂ ವಿರಳ. ಕರಡಿಯ ಕುಸ್ತಿಯನ್ನು ನೋಡಿ ಯಥೇಚ್ಛವಾಗಿ ನಗೋಣ, ತಪ್ಪಿಲ್ಲ. ಆದರೆ ಮುಂದೆ ಎಂದಾದರೂ ಆ ಮೂರು ಅಂಕದ ಗೆರೆಯನ್ನು ಕಂಡಾಗ, ಅದನ್ನು ಎಳೆದವರು ಯಾರೆಂಬುದೂ ಅವರಿಗೆ ಸಂದದ್ದು ಎಷ್ಟೆಂಬುದೂ ನೆನಪಿಗೆ ಬರಲಿ.