ತಿಮುರ್ತಾಶ್‌ನಿಂದ ಬಂದ ಅಪ್ಪಣೆ

ಯಜಮಾನ ಹದಿಮೂರು ವರ್ಷ ಮನೆಯ ಕಡೆ ತಲೆ ಹಾಕದಿದ್ದರೆ ಕಣಜದ ಲೆಕ್ಕ ಯಾರು ಕೇಳುತ್ತಾರೆ? 1713ರಲ್ಲಿ ಸ್ವೀಡನ್ನಿನ ಪಾಡು ಇದೇ ಆಗಿತ್ತು. 1700ರಲ್ಲಿ ದಂಡೆತ್ತಿ ಹೋದ ದೊರೆ ಹನ್ನೆರಡನೆಯ ಚಾರ್ಲ್ಸ್ ಹಿಂದಿರುಗಿರಲೇ ಇಲ್ಲ. 1709ರಲ್ಲಿ ಪೊಲ್ತಾವದಲ್ಲಿ ರಷ್ಯದ ಪೀಟರನ ಕೈಯಲ್ಲಿ ಸೋತು, ಅಳಿದುಳಿದವರನ್ನು ಕಟ್ಟಿಕೊಂಡು ತುರ್ಕಿ ಸುಲ್ತಾನನ ಸೀಮೆ ಸೇರಿ, ಬೆಂದೇರ್ ಬಳಿ ಬಿಡಾರ ಹೂಡಿದ್ದ. ಬಂದ ನೆಂಟ ಏಳುವ ಲಕ್ಷಣ ಕಾಣದೆ 1713ರ ಫೆಬ್ರವರಿಯಲ್ಲಿ ಸುಲ್ತಾನನ ಸೈನಿಕರೇ ಬಿಡಾರಕ್ಕೆ ಮುತ್ತಿಗೆ ಹಾಕಿ ಅವನನ್ನು ಹಿಡಿದೊಯ್ದರು. ಆ ರಂಪಕ್ಕೆ ಅಂಟಿದ ತುರ್ಕಿ ಪದ 'ಕಲಬಲಿಕ್' ಸ್ವೀಡಿಷ್ ನುಡಿಯಲ್ಲಿ ಇಂದಿಗೂ ಗದ್ದಲವೆಂಬ ಅರ್ಥದಲ್ಲಿ ಬಳಕೆಯಲ್ಲಿದೆ. ನಮ್ಮ 'ಗಲಿಬಿಲಿ' ನೆನಪಾದರೆ ನಗಬಹುದು, ನೆಂಟಸ್ತಿಕೆ ಹೂಡಬೇಕಿಲ್ಲ.

ಅಂಥ ಅತಂತ್ರ ಸ್ಥಿತಿಯಲ್ಲೇ, ಎದಿರ್ನೆ ಬಳಿಯ ತಿಮುರ್ತಾಶ್‌ನಿಂದ, ಆ ವರ್ಷದ ಅಕ್ಟೋಬರ್ 26ರಂದು ಅವನು ಒಂದು ಅಪ್ಪಣೆಗೆ ಸಹಿ ಹಾಕಿದ. ಸ್ಟಾಕ್‌ಹೋಮಿನಲ್ಲಿ ಒಬ್ಬ ಪರಮೋಚ್ಚ 'ಓಂಬುಡ್ಸ್‌ಮನ್' ಇರಬೇಕು. ನ್ಯಾಯಾಧೀಶರು, ಅಧಿಕಾರಿಗಳು ಕಾನೂನಿನಂತೆ ಕೆಲಸ ಮಾಡುತ್ತಾರೋ ಇಲ್ಲವೋ ನೋಡಬೇಕು. ಓಂಬುಡ್ಸ್‌ಮನ್ ಎಂದರೆ ಇನ್ನೊಬ್ಬರ ಪರವಾಗಿ ನಿಂತವನು, ನಮ್ಮ ಮಾತಿನಲ್ಲಿ ಮುಖ್ತ್ಯಾರ. ಸುಲ್ತಾನನಿಗೆ ಅಹವಾಲು ಒಪ್ಪಿಸುವ ತುರ್ಕಿ ಪದ್ಧತಿಯೇ ಚಾರ್ಲ್ಸನಿಗೆ ಇದನ್ನು ಹೊಳೆಯಿಸಿತೆಂದು ವಾದಿಸುವ ವಿದ್ವಾಂಸರಿದ್ದಾರೆ. ಕೇಳಲು ಸೊಗಸು, ನನಗೇನೋ ಊರು ಬಿಟ್ಟ ಯಜಮಾನನ ಕಳವಳವೇ ಸಾಕಾದ ಕಾರಣ ಅನ್ನಿಸುತ್ತದೆ.

ಆದರೆ ಆ ಮುಖ್ತ್ಯಾರ ನಿಂತದ್ದು ಯಾರ ಪರ? ದೊರೆಯ ಪರ. ಜನರ ಗೋಳು ಅವನ ಕಿವಿಗೆ ಬಿದ್ದರೂ ಅವನು ಉತ್ತರ ಹೇಳಬೇಕಾದದ್ದು ಅರಮನೆಗೆ. ಚಾರ್ಲ್ಸ್ ಸತ್ತ ಮರುವರ್ಷ, 1719ರಲ್ಲಿ, ಆ ಹುದ್ದೆಯ ಹೆಸರು ನ್ಯಾಯ ಚಾನ್ಸಲರ್ ಎಂದಾಯಿತು. ನಿಜವಾದ ಆವಿಷ್ಕಾರಕ್ಕೆ ಇನ್ನೂ ತೊಂಬತ್ತು ವರ್ಷ ಕಾಯಬೇಕಿತ್ತು.

1809ರಲ್ಲಿ ಫಿನ್ಲೆಂಡು ರಷ್ಯದ ಪಾಲಾಗುತ್ತಿದ್ದಾಗ, ರೊಚ್ಚಿಗೆದ್ದ ಸೇನಾಧಿಕಾರಿಗಳು ದೊರೆ ನಾಲ್ಕನೆಯ ಗುಸ್ತಾವ್ ಅಡಾಲ್ಫನನ್ನು ಸೆರೆಹಿಡಿದರು. ಆಮೇಲೆ ಹೊಸ ಸಂವಿಧಾನ ಬಂತು. ಅದನ್ನು ಬರೆದವರು ದೊರೆಯ ಚಾನ್ಸಲರನನ್ನು ಕಿತ್ತುಹಾಕಲಿಲ್ಲ. ಅವನ ಪಕ್ಕದಲ್ಲೇ ಇನ್ನೊಬ್ಬನನ್ನು ಕೂರಿಸಿದರು. ಕೆಲಸ ಹೆಚ್ಚುಕಡಿಮೆ ಅದೇ, ಆದರೆ ನೇಮಿಸುವುದು ಸಂಸತ್ತು. 1810ರಲ್ಲಿ ಲಾರ್ಸ್ ಆಗಸ್ಟಿನ್ ಮ್ಯಾನರ್‌ಹೈಮ್ ಮೊದಲ ಸಂಸದೀಯ ಓಂಬುಡ್ಸ್‌ಮನ್ ಆದ. ಆಳುವವರ ಕಾವಲುಗಾರನಿಗೆ ಆಳುವವರೇ ಸಂಬಳದ ಯಜಮಾನರಾಗಬಾರದೆಂಬ ಇಷ್ಟು ಸಣ್ಣ ತಿದ್ದುಪಡಿಯಲ್ಲಿ ಇಡೀ ಸಂಸ್ಥೆ ಹುಟ್ಟಿತು.

ಹೊರಗಿನವರು ಬಹುಕಾಲ ಅದರತ್ತ ನೋಡಲಿಲ್ಲ. ಸ್ವತಂತ್ರ ಫಿನ್ಲೆಂಡ್ 1919ರ ಸಂವಿಧಾನದಲ್ಲಿ ಸೇರಿಸಿಕೊಂಡಿತು. 1955ರಲ್ಲಿ ಡೆನ್ಮಾರ್ಕಿನ ಮೊದಲ ಓಂಬುಡ್ಸ್‌ಮನ್ ಆದ ಕಾನೂನು ಪ್ರಾಧ್ಯಾಪಕ ಸ್ಟೀಫನ್ ಹುರ್ವಿಟ್ಸ್ ದೇಶ ದೇಶ ಸುತ್ತಿ ಇದರ ಬಗ್ಗೆ ಹೇಳಿದರು. ಅಧಿಕಾರಿಯ ಆದೇಶವನ್ನು ತಾವೇ ರದ್ದು ಮಾಡುವ ಅಧಿಕಾರ ಅವರಿಗಿರಲಿಲ್ಲ. ಕಡತ ತರಿಸಿಕೊಳ್ಳಬಹುದು, ವಿವರಣೆ ಕೇಳಬಹುದು, ತಪ್ಪು ಎಲ್ಲಾಯಿತೆಂದು ಬಹಿರಂಗವಾಗಿ ಹೇಳಬಹುದು. ಅಷ್ಟಕ್ಕೇ ಕಚೇರಿಗಳು ಎಚ್ಚರಗೊಳ್ಳುತ್ತಿದ್ದವು. 1962ರಲ್ಲಿ ನ್ಯೂಜಿಲೆಂಡ್ ಇದನ್ನು ಕಡಲಾಚೆಗೆ ಒಯ್ದಿತು.

ಮರುವರ್ಷವೇ ನಮ್ಮ ಲೋಕಸಭೆಯ ಪಕ್ಷೇತರ ಸದಸ್ಯ ಎಲ್. ಎಂ. ಸಿಂಘ್ವಿ ಇದಕ್ಕೆ 'ಲೋಕಪಾಲ' ಎಂದು ಹೆಸರಿಟ್ಟರು. ಹೆಸರಿಗೆ ತಕ್ಕ ಕಾಯ್ದೆ ಬರಲು 2013 ಆಯಿತು. ಕರ್ನಾಟಕ ಅಷ್ಟು ಕಾಯಲಿಲ್ಲ: ನಮ್ಮ ಲೋಕಾಯುಕ್ತ ಕಾಯ್ದೆ 1984ರದು. ಲೋಕಾಯುಕ್ತ ಎಂದೊಡನೆ ನಮಗೆ ನೆನಪಾಗುವುದು ಬೆಳಗಿನ ಜಾವದ ದಾಳಿ, ಟೀವಿಯಲ್ಲಿ ಹರಡಿಟ್ಟ ನೋಟು, ಬಂಗಾರ. ಕಾಯ್ದೆಯಲ್ಲಿ 'ಆರೋಪ'ದ ಜೊತೆಗೆ 'ಕುಂದುಕೊರತೆ' ಎಂಬ ಇನ್ನೊಂದು ಮಾತೂ ಇದೆ. ಲಂಚದ ಸುಳಿವಿಲ್ಲದಿದ್ದರೂ ಸರಿ, ಕಾರಣವಿಲ್ಲದೆ ಮೇಜಿನ ಮೇಲೆ ಕೊಳೆಯುವ ಅರ್ಜಿಯ ಬಗ್ಗೆ ಆ ಮಾತಿನಡಿ ದೂರು ಕೊಡಬಹುದು.