ಸರ್ಕಾರಿ ಚಿಕಿತ್ಸೆ ನಿಜಕ್ಕೂ ಪುಕ್ಕಟೆಯೇ?

ಪ್ರಶ್ನೆ: ಸರ್ಕಾರ ಕೊಡುವ ಚಿಕಿತ್ಸೆ ಪೂರ್ತಿ ಉಚಿತವಾಗಲು ಸಾಧ್ಯವೇ?

ಉತ್ತರ: ದುಡ್ಡನ್ನು ಯಾರಾದರೂ ಕೊಡಲೇಬೇಕು; ಯಾವಾಗ ಕೊಡುತ್ತಾರೆ ಎಂಬುದು ಮುಖ್ಯ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ನಡೆಯುವುದು ಬಹುಪಾಲು ತೆರಿಗೆಯ ಹಣದಿಂದ. ಹೃದಯಾಘಾತವಾದವರನ್ನು ಅಲ್ಲಿ ದಾಖಲಿಸುವಾಗ ಮನೆಯವರು ಒಡವೆ ಅಡವಿಡಲು ಓಡಬೇಕಿಲ್ಲ. ಅದಕ್ಕಾಗಿ ತೆರಿಗೆ ಕಟ್ಟುವುದು ನ್ಯಾಯವೆಂದೇ ನನ್ನ ಗಟ್ಟಿ ಅಭಿಪ್ರಾಯ.

ಆರೋಗ್ಯ ಸಚಿವ ಅನೈರಿನ್ ಬೆವನ್ 1948ರ ಜುಲೈ 5ರಂದು ಎನ್‌ಎಚ್‌ಎಸ್ ಆರಂಭಿಸಿದಾಗ ಹಲ್ಲಿನ ಸೆಟ್ಟು, ಕನ್ನಡಕ ಕೂಡ ಪುಕ್ಕಟೆ. ಅದುವರೆಗೆ ಕೈಲಾಗದೆ ಸುಮ್ಮನಿದ್ದ ಜನ ಮುಗಿಬಿದ್ದರು. ಖರ್ಚು ಅಂದಾಜು ಮೀರಿತು. 1951ರಲ್ಲಿ ಸರ್ಕಾರ ಹಲ್ಲಿನ ಸೆಟ್ಟು, ಕನ್ನಡಕಗಳಿಗೆ ಶುಲ್ಕ ಹಾಕಲು ಹೊರಟಾಗ ಬೆವನ್ ಸಂಪುಟಕ್ಕೇ ರಾಜೀನಾಮೆ ಕೊಟ್ಟರು. ಮರುವರ್ಷ ಔಷಧಿ ಚೀಟಿಗೂ ಒಂದು ಶಿಲಿಂಗ್ ಬಿತ್ತು. ಔಷಧಿ ಚೀಟಿಯ ಶುಲ್ಕವನ್ನು ವೇಲ್ಸ್ 2007ರಲ್ಲಿ, ಸ್ಕಾಟ್ಲೆಂಡ್ 2011ರಲ್ಲಿ ಕೈಬಿಟ್ಟವು. ಇಂಗ್ಲೆಂಡಿನಲ್ಲಿ ಹಲವರು ಇಂದಿಗೂ ಕೊಡುತ್ತಾರೆ. ದುಡ್ಡಲ್ಲದೆ ಕಾಯುವುದೂ ಒಂದು ಬೆಲೆಯೇ: ಮಂಡಿ ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಕಾಯುತ್ತಾರೆ.