ಯಲಹಂಕದ ಗರಡಿ: ಹರಿತಾ ಕೌರ್ ದಿಯೋಲ್ ಅವರ ವೈಮಾನಿಕ ಶಿಕ್ಷಣ

ಬೆಂಗಳೂರಿನಿಂದ ದೇವನಹಳ್ಳಿ, ದೊಡ್ಡಬಳ್ಳಾಪುರಗಳತ್ತ ಹೊರಟವರಿಗೆ ಯಲಹಂಕವೇ ಹೆಬ್ಬಾಗಿಲು. ನಾಡಪ್ರಭುಗಳ ನೆಲೆಯಾಗಿ ಚರಿತ್ರೆಗೆ ಪರಿಚಿತವಾದ ಈ ಊರು 1963ರಿಂದ ವಾಯುಪಡೆಯ ನೆಲೆಯೂ ಆಗಿದೆ. 1986ರಲ್ಲಿ ಜಿಲ್ಲೆ ವಿಭಜನೆಗೊಂಡಾಗ ಯಲಹಂಕವು ನಗರ ಜಿಲ್ಲೆಯಲ್ಲಿ ಉಳಿದು, ಉಳಿದೆರಡು ಊರುಗಳು ಗ್ರಾಮಾಂತರ ಜಿಲ್ಲೆಗೆ ಸೇರಿದವು. ಆದರೆ ಆಡಳಿತದ ಗಡಿ ಆಕಾಶಕ್ಕೆ ಅನ್ವಯಿಸದು. ಈ ಸೀಮೆಯ ಹೊಲಗಳಲ್ಲಿ ದುಡಿಯುವವರಿಗೆ ತಲೆಯ ಮೇಲಿನ ವಿಮಾನದ ಸದ್ದು ಹೊಸತಲ್ಲ.

ನಮ್ಮ ಜನಪದ ಕಥನಗಳಲ್ಲಿ ಗಗನಯಾನಕ್ಕೆ ಕೊರತೆಯಿಲ್ಲ. ಆದರೆ ಮಾನವಸ್ತ್ರೀ ಅಲ್ಲಿ ಬಹುಮಟ್ಟಿಗೆ ಒಯ್ಯಲ್ಪಡುವವಳು. ಅಪಹೃತಳಾದ ಸೀತೆ ಇದಕ್ಕೆ ನಿದರ್ಶನ. ವಾಹನವನ್ನು ನಡೆಸುವ ಕೈ ಅವಳದಾಗಿರುವುದು ವಿರಳ. ಈ ಹಿನ್ನೆಲೆಯಲ್ಲಿ ಹರಿತಾ ಕೌರ್ ದಿಯೋಲ್ ಅವರ ವೃತ್ತಿಜೀವನದ ಆರಂಭ ಪರಿಶೀಲನಾರ್ಹವಾಗಿದೆ.

ಹರಿತಾ ಚಂಡೀಗಢದ ಸಿಖ್ ಕುಟುಂಬದವರು. ಭಾರತೀಯ ಮಹಿಳೆಯರಿಗೆ ವಿಮಾನ ಚಾಲನೆ ಅದಾಗಲೇ ಅಪರಿಚಿತವಾಗಿರಲಿಲ್ಲ. ಸರಳಾ ಠಕ್ರಾಲ್ 1936ರಲ್ಲಿಯೇ ಪರವಾನಗಿ ಪಡೆದಿದ್ದರು. ಮುಚ್ಚಿದ್ದುದು ಸೇನೆಯ ಬಾಗಿಲು. 1993ರಲ್ಲಿ ಅಲ್ಪಾವಧಿ ಸೇವಾ ಯೋಜನೆಯಡಿ ವಾಯುಪಡೆಯು ಚಾಲಕ ತರಬೇತಿಗೆ ಆರಿಸಿಕೊಂಡ ಮೊದಲ ಏಳು ಯುವತಿಯರಲ್ಲಿ ಹರಿತಾ ಒಬ್ಬರು. ಹೈದರಾಬಾದಿನ ಬಳಿಯ ದುಂಡಿಗಲ್ ವಾಯುಪಡೆ ಅಕಾಡೆಮಿಯಲ್ಲಿ ಪ್ರಾರಂಭಿಕ ಶಿಕ್ಷಣ ಪಡೆದು, ಸಾಗಣೆ ವಿಮಾನಗಳ ಚಾಲನೆಯನ್ನು ಕಲಿಯಲು ಅವರು ಯಲಹಂಕದ ತರಬೇತಿ ಸಂಸ್ಥೆಗೆ ಬಂದರು.

ಅಲ್ಲಿ ಕಲಿಯಬೇಕಾಗಿದ್ದುದು ಆವ್ರೊ ಎಚ್‌ಎಸ್-748 ವಿಮಾನವನ್ನು. ಬ್ರಿಟಿಷ್ ವಿನ್ಯಾಸದ ಈ ವಿಮಾನವನ್ನು ಭಾರತದಲ್ಲಿ ಕಾನ್ಪುರದಲ್ಲಿ ನಿರ್ಮಿಸಲಾಗುತ್ತಿತ್ತು. ರೆಕ್ಕೆಗೊಂದರಂತೆ ಇದಕ್ಕೆ ಎರಡು ಎಂಜಿನ್‌ಗಳು. ಒಂದು ಸ್ಥಗಿತಗೊಂಡರೆ ವಿಮಾನದ ಮೂತಿ ಆ ಬದಿಗೆ ತಿರುಗತೊಡಗುತ್ತದೆ. ಚಾಲಕರು ತಕ್ಷಣ ಕಾಲಿನ ಪೆಡಲನ್ನು ಒತ್ತಿ, ಬಾಲದ ಚುಕ್ಕಾಣಿಯಿಂದ ಅದನ್ನು ನೇರಕ್ಕೆ ತರಬೇಕು. ಯೋಚಿಸಲು ಸಮಯವಿರದ ಈ ಪ್ರತಿಕ್ರಿಯೆ ದೇಹಕ್ಕೆ ರೂಢಿಯಾಗುವವರೆಗೆ ಶಿಕ್ಷಕರೊಂದಿಗೆ ಏರುವುದು, ಸುತ್ತುವುದು, ಇಳಿಯುವುದು ಪುನರಾವರ್ತನೆಯಾಗುತ್ತದೆ. ಶಿಕ್ಷಕರು ತಮ್ಮ ಸಹಾಯ ಇನ್ನು ಬೇಕಿಲ್ಲವೆಂದು ತೀರ್ಮಾನಿಸಿದಾಗ ಮಾತ್ರ ಏಕಾಂಗಿ ಹಾರಾಟಕ್ಕೆ ಅನುಮತಿ.

1994ರ ಸೆಪ್ಟೆಂಬರ್ 2ರಂದು, 22ನೆಯ ವಯಸ್ಸಿನಲ್ಲಿ, ಹರಿತಾ ಆವ್ರೊದಲ್ಲಿ 10,000 ಅಡಿ ಎತ್ತರದಲ್ಲಿ ಏಕಾಂಗಿಯಾಗಿ ಹಾರಾಟ ನಡೆಸಿದರು. ಭಾರತೀಯ ವಾಯುಪಡೆಯಲ್ಲಿ ಹೀಗೆ ಹಾರಿದ ಪ್ರಥಮ ಮಹಿಳೆ ಅವರು.

ಈ ವೃತ್ತಿಜೀವನ ದೀರ್ಘವಾಗಲಿಲ್ಲ. 1996ರ ಡಿಸೆಂಬರ್‌ನಲ್ಲಿ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆಯಿತು. ಅದೇ ತಿಂಗಳ 24ರಂದು ಆಂಧ್ರಪ್ರದೇಶದ ಪ್ರಕಾಶಂ ಜಿಲ್ಲೆಯ ಬುಕ್ಕಾಪುರಂ ಬಳಿ ಆವ್ರೊ ವಿಮಾನವೊಂದು ಪತನಗೊಂಡಿತು. ಅದರಲ್ಲಿದ್ದ ಫ್ಲೈಟ್ ಲೆಫ್ಟಿನೆಂಟ್ ಹರಿತಾ ಸಂಗಡಿಗರೊಂದಿಗೆ ಮೃತಪಟ್ಟರು. ಆಗ ಅವರಿಗೆ 25 ವರ್ಷ.

ಇಂದು ಅವರ ಹೆಸರು ಹೆಚ್ಚಾಗಿ ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ, 'ಪ್ರಥಮರು' ಎಂಬ ಪಟ್ಟಿಯ ಒಂದು ಸಾಲಾಗಿ ಉಳಿದಿದೆ. ನಮ್ಮ ಮೌಖಿಕ ಪರಂಪರೆ ವೀರರನ್ನು ಸ್ಮರಿಸುವ ಕ್ರಮ ಬೇರೆ. ತುಳುನಾಡಿನ ಕೋಟಿ ಚೆನ್ನಯರ ನೆನಪು ಇಂದಿಗೂ ಗರಡಿಯೊಂದಿಗೆ, ಅಂದರೆ ವಿದ್ಯೆ ಕಲಿಯುವ ಸ್ಥಳದೊಂದಿಗೆ, ಬೆಸೆದುಕೊಂಡಿದೆ. ಸಾಹಸವನ್ನಷ್ಟೇ ಉಳಿಸಿಕೊಂಡು ಸಾಧನೆಯ ನೆಲೆಯನ್ನು ಮರೆತರೆ, ಅದು ಒಬ್ಬರ ಅದೃಷ್ಟದಂತೆ ತೋರುತ್ತದೆ. ನೆಲೆಯನ್ನು ನೆನೆದರೆ ಇತರರೂ ಕಲಿಯಬಹುದಾದ ವಿದ್ಯೆಯಾಗುತ್ತದೆ.

ಮುಂದಿನ ಚರಿತ್ರೆ ಇದನ್ನು ಸಮರ್ಥಿಸುತ್ತದೆ. 2016ರ ಜೂನ್ 18ರಂದು ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಅವರು ಯುದ್ಧವಿಮಾನ ವಿಭಾಗದ ಪ್ರಥಮ ಮಹಿಳಾ ಅಧಿಕಾರಿಗಳಾದರು. ಹಾಕ್ ವಿಮಾನದಲ್ಲಿ ಅವರ ಮುಂದಿನ ಶಿಕ್ಷಣ ನಡೆದುದು ನಮ್ಮ ಬೀದರಿನಲ್ಲಿ. ಕರ್ನಾಟಕದ ವೈಮಾನಿಕ ಚರಿತ್ರೆಯನ್ನು ಬರೆಯುವವರು ಕಾರ್ಖಾನೆಗಳ ಜೊತೆಗೆ ಯಲಹಂಕ, ಬೀದರಿನಂತಹ ಗರಡಿಗಳನ್ನೂ ಗಣನೆಗೆ ತೆಗೆದುಕೊಳ್ಳುವುದು ಅಗತ್ಯ.